ಅವ್ವನ ಅಂಬಲಿ ಗಡಿಗೆ

ಲಿಂಗಸುಗೂರು
12 ಮಾರ್ಚ್ 2025

ಪ್ರೀತಿಯ ತಂಗಿ ಶೇಖಮ್ಮಾ,

ಪಾಮನಕಲ್ಲೂರಿನಲ್ಲಿ ನೀನು, ನಿನ್ನ ಯಜಮಾನರು ಬಸ್ಸಪ್ಪನವರು, ಮಗಳು ರೂಪಾ ಎಲ್ಲರೂ ಹೇಗಿದ್ದೀರಿ? ನಿನಗೆ ಮೊಣಕಾಲು ನೋವೆಂದು ಮಸ್ಕಿ ಸಂತೆಗೆ ಹೋಗಿ ಬಂದವರು ಹೇಳಿದರು. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀಯಾ? ನನ್ನ ನಂಬರು ಕಂಡರೆ ನೀನು ಫೋನು ಎತ್ತುವುದಿಲ್ಲ. ಅದಕ್ಕೇ ಅಂಚೆ ಕವರು ತಂದೆ. ಓದದೆ ಒಲೆಗೆ ಹಾಕಬೇಡ.

ಅವ್ವನ ಸುದ್ದಿ ಚೆನ್ನಾಗಿಲ್ಲ. ದೀಪಾವಳಿಯಿಂದ ಊಟ ತಗ್ಗುತ್ತ ಬಂದು ಈಗ ಅನ್ನ, ಗಂಜಿ ಯಾವುದೂ ಗಂಟಲಲ್ಲಿ ಇಳಿಯುತ್ತಿಲ್ಲ. ನಡುಗಡ್ಡೆ ಬಿಟ್ಟು ಲಿಂಗಸುಗೂರಿಗೆ ಬಂದು ವರ್ಷಗಳಾದರೂ ಕೇಳುವುದು ಒಂದನ್ನೇ: "ನಮ್ಮ ಗಡ್ಡಿ ಅಂಬ್ಲಿ ಒಂದು ವಾಟಗ ಕೊಡ್ರೆಪಾ." ನಿನ್ನ ಅತ್ತಿಗೆ ಲಕ್ಷ್ಮಿದೇವಿ ಮೂರು ಸಲ ಮಾಡಿಕೊಟ್ಟಳು. ಸೊಸೆಯ ಮನಸ್ಸು ನೋಯಬಾರದೆಂದು ಅವ್ವ "ಚಲೋ ಐತವಾ" ಎನ್ನುತ್ತಾಳೆ, ತುಟಿಗೆ ಹಚ್ಚಿ ಪಕ್ಕಕ್ಕೆ ಸರಿಸುತ್ತಾಳೆ.

ಹೊಳೆ ನಡುವಿನ ನಮ್ಮ ಗಡ್ಡಿಯಲ್ಲಿ ಮನೆಗೊಂದು ಗಡಿಗೆ, ಮನೆಗೊಂದು ಹುಳಿ ಇತ್ತಲ್ಲ. ತಳದಲ್ಲಿ ನಾಲ್ಕು ಬೆರಳು ಹುಳಿನೀರು ಉಳಿಸಿ, ಅದರ ಮೇಲೆಯೇ ಸಂಜೆ ಜೋಳದ ಹಿಟ್ಟು ಕಲಸಿಟ್ಟು, ಬೆಳಿಗ್ಗೆ ಬೇಕಾದಷ್ಟು ಬಗ್ಗಿಸಿಕೊಂಡು ಕುದಿಸುವುದು. ಗಡಿಗೆಯ ಒಳಗನ್ನು ಯಾರೂ ತೊಳೆಯುವಂತಿಲ್ಲ. ನಮ್ಮದು ಅಜ್ಜಿ ಮದುವೆಯಾಗಿ ಬರುವಾಗ ತಂದ ಹುಳಿ. ಹೊಳೆ ತುಂಬಿ ಹರಿಗೋಲು ನಿಂತ ದಿನಗಳಲ್ಲಿ ಆ ಅಂಬಲಿ, ಕೆಂಡದಲ್ಲಿ ಸುಟ್ಟ ಒಣಮೀನು, ಕಡಿದುಕೊಳ್ಳಲು ಒಂದು ಉಳ್ಳಾಗಡ್ಡಿ. ನೀನು ಬಟ್ಟಲಿನ ತಳ ನೆಕ್ಕಿ ಮೂಗಿಗೆಲ್ಲ ಹಚ್ಚಿಕೊಳ್ಳುತ್ತಿದ್ದೆ. "ಬೆಕ್ಕಿನ ಮರಿ ಹುಟ್ಟೇತಿ ನನ್ನ ಹೊಟ್ಟ್ಯಾಗ" ಎಂದು ಅವ್ವ ನಗುತ್ತಿದ್ದಳು. ಈಗಲೂ ಬಿಸಿಲು ಏರಿದರೆ ನನ್ನ ನಾಲಿಗೆ ಆ ಹುಳಿಯನ್ನೇ ಹುಡುಕುತ್ತದೆ.

ಮಗಳು ಗಂಡನ ಮನೆಗೆ ಹೊರಟರೆ ಒಂದು ತಂಬಿಗೆ ಹುಳಿ ಅವಳಿಗೆ, ಉಳಿದದ್ದು ತವರಿಗೆ. ನೀನು ನಿನ್ನ ತಂಬಿಗೆ ಹಿಡಿದು, ಹೊಳೆ ಕಾಣದ ಊರಿಗೆ ಕೊಟ್ಟರೆಂದು ಅಳುತ್ತ ಹರಿಗೋಲು ಹತ್ತಿದೆ. ಅವತ್ತು ಸಂಜೆ ಅವ್ವ ನೋಡಿದರೆ ಗಡಿಗೆಯಲ್ಲಿ ಹನಿ ಹುಳಿಯಿಲ್ಲ. ಪಂಚಮಿಗೆ ನೀನು ಬಂದಾಗ ಹೊಸ್ತಿಲಲ್ಲೇ ಕೇಳಿದಳು: "ಸಿಟ್ಟಿಗೆ ಗಡಿಗಿ ಬರಿದು ಮಾಡಿ ಹೋದಾಕಿ, ಈಗ ಏನ್ ಒಯ್ಯಾಕ ಬಂದಿ?" "ನಾ ಮಾಡಿಲ್ಲ ಬೇ ಯವ್ವಾ" ಎಂದು ಒಂದೇ ಮಾತಾಡಿ, ನೀರೂ ಮುಟ್ಟದೆ ನೀನು ತಿರುಗಿ ಹೋದೆ, ಮತ್ತೆ ಬರಲಿಲ್ಲ. ಹತ್ತೊಂಬತ್ತು ವರ್ಷವಾಗುತ್ತ ಬಂತು. ಅವತ್ತು ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ.

ಕಳೆದ ಭಾನುವಾರ ಹೊರಗಿನವರು ಯಾರೋ ಗಡ್ಡಿಯಲ್ಲಿ 'ನಡುಗಡ್ಡೆಯ ಸವಿ' ಎಂದು ಊಟದ ಮೇಳ ಮಾಡಿದರು. ಅವ್ವನಿಗೆ ಅಂಬಲಿ ಸಿಕ್ಕೀತೆಂದು ಕ್ಯಾನು ಹಿಡಿದು ಹೋದೆ. ಶಾಮಿಯಾನ, ಜನರೇಟರು, ಸ್ಪೀಕರು ಎಲ್ಲ ದೋಣಿಯ ಮೇಲೆ ಬಂದಿದ್ದವು. ಸೇತುವೆ ಬೇಕೆಂದು ಮೂವತ್ತು ವರ್ಷ ಅರ್ಜಿ ಬರೆದವನು ನಾನು. ಬಸುರಿಯರಿಗೆ ದೋಣಿ ಸಿಗದ ಹೊಳೆಯಲ್ಲಿ ಸ್ಪೀಕರಿಗೆ ದೋಣಿ ಸಿಕ್ಕಿತ್ತು! ಕಾಗದದ ಕಪ್ಪಿನಲ್ಲಿ ಅಂಬಲಿ ಕೊಟ್ಟರು. ಅದರಲ್ಲಿ ಪಾಕೀಟು ಮೊಸರು, ನಿಂಬೆರಸ, ಮೇಲೊಂದು ಪುದೀನ ಎಲೆ. ಗಡ್ಡಿಯ ಒಬ್ಬ ಹೆಂಗಸನ್ನೂ ಒಲೆಯ ಹತ್ತಿರ ಕರೆದಿರಲಿಲ್ಲ. ಕರೆದರೂ ಏನು, ರೇಷನ್ ಅಕ್ಕಿಗೆ ಹೊಂದಿಕೊಂಡು ಅವರೂ ಗಡಿಗೆ ಬಿಟ್ಟಿದ್ದಾರೆ. ಮೈಕು ಹಿಡಿದವನ ಜೊತೆ ನಾನು ಜಗಳಕ್ಕೆ ನಿಂತೆ. ಹರಿಗೋಲಿನ ಶಾಮೀದಸಾಬ ತೋಳು ಹಿಡಿದು ಎಳೆದ. "ಅವರ ಮ್ಯಾಲ ಯಾಕ ಒದರತಿ ನರಸಣ್ಣಾ? ಆಡು ತರಾಕ ಹೋದಾಗ ಪಾಮನಕಲ್ಲೂರಾಗ ನಿನ್ನ ತಂಗಿ ಮನ್ಯಾಗ ಕುಡದೀನಿ. ಅದss ರುಚಿ. ಆಕಿನ್ನ ಕೇಳಾಕ ಮಕ ಇಲ್ಲೇನು ನಿನಗ?"

ನಾನು ಆ ಕಪ್ಪಿನದನ್ನೇ ಕ್ಯಾನಿಗೆ ಸುರಿದುಕೊಂಡು ಬಂದೆ. ಅವ್ವ ಒಂದು ಗುಟುಕು ಕುಡಿದು, "ನಿಂಬಿಹಣ್ಣು ಹಿಂಡ್ಯಾರ" ಎಂದು ಗೋಡೆಯ ಕಡೆ ತಿರುಗಿದಳು.

ಬಸ್ಸಪ್ಪನವರಿಗೆ ನನ್ನ ನಮಸ್ಕಾರ ಹೇಳು. ರೂಪಾ ನೂರು ಕಾಲ ಬಾಳಲಿ. ನಿನ್ನ ಮನೆಯ ಗಡಿಗೆ ಎಂದೂ ಬರಿದಾಗದಿರಲಿ.

ನಿನ್ನ ಅಣ್ಣ,
ನರಸಣ್ಣ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನು ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ. ಗಡಿಗೆ ತೊಳೆದವನು ನಾನು. ನಿನ್ನ ಮದುವೆಯ ದಿನ ಬೀಗರಲ್ಲಿ ಒಬ್ಬರು "ಏನ್ ನಾತರೀ ಇದು" ಎಂದು ಮೂಗು ಮುಚ್ಚಿದ್ದರು. ನಾಲ್ಕು ಪುಸ್ತಕ ಓದಿದ ನನಗೆ ನಾಚಿಕೆಯಾಯಿತು. ನಿನ್ನನ್ನು ಕಳಿಸಲು ಎಲ್ಲರೂ ದಂಡೆಗೆ ಹೋದಾಗ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದೆ. ಆಮೇಲೆ ಹೇಳಲು ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆ ಅವ್ವನಿಗೆ ಹೇಳಿದೆ. ಬೈಯಲಿಲ್ಲ. "ಶೇಖಿಗೆ ಹೇಳಿದೇನು?" ಎಂದಳು. ಇಲ್ಲವೆಂದೆ. "ಮೊದಲ ಆಕಿಗೆ ಬರಿ" ಎಂದಳು. ಹುಳಿ ತರಲು ಮನಸ್ಸಾಗದಿದ್ದರೆ ಬರಿಗೈಲಿ ಬಾ, ಆದರೆ ಬೇಗ ಬಾ. ಅವ್ವ ಹೇಳಿದಳೆಂದು ಅಟ್ಟದಿಂದ ಆ ಗಡಿಗೆ ಇಳಿಸಿ ನೀರಲ್ಲಿ ನೆನೆಯಲು ಇಟ್ಟಿದ್ದೇನೆ.