ಹನ್ನೆರಡು ವರ್ಷದ ಗೆಣಸು

ಅಕ್ಕನ ಮಗಳು ಶಶಿಕಲಾ, ನಿನ್ನ ಮಾವ ಕುವೈತಿನಲ್ಲಿ ಗಟ್ಟಿಮುಟ್ಟಾಗಿದ್ದಾನೆ.

ನಿಮ್ಮವ್ವನ ಕಣ್ಣಿನ ಆಪರೇಶನ್ ಸುಸೂತ್ರವಾಗಲೆಂದು ಶಿವರಾತ್ರಿ ಉಪವಾಸ ಹಿಡಿದಿದ್ದೆ. ಮಧ್ಯಾಹ್ನ ಊಟಕ್ಕೆ ಕರೆದ ನಮ್ಮ ಕಂಪನಿಯ ಜಪಾನಿ ಇಂಜಿನಿಯರಿಗೆ, "ಟುಡೇ ಓನ್ಲಿ ಸ್ವೀಟ್ ಪೊಟ್ಯಾಟೋ, ಸರ್" ಅಂದೆ. ಆತ ಖುಷಿಯಿಂದ ಕುಣಿದು, ಶಾಂಪೂ ಬಾಟಲಿಯಿಂದ ಒಂದು ಮುಚ್ಚಳ ಸುರಿದುಕೊಟ್ಟ. "ಸ್ವೀಟ್ ಪೊಟ್ಯಾಟೋ! ಟ್ವೆಲ್ವ್ ಇಯರ್ಸ್ ಓಲ್ಡ್!"

ಗೆಣಸಿನ ಸಾರಾಯಿ, ಶಾಂಪೂ ಬಾಟಲಿಯಲ್ಲಿ ಕದ್ದು ತಂದದ್ದು! ಇಲ್ಲಿ ಕುಡಿದು ಸಿಕ್ಕಿಬಿದ್ದರೆ ಸೀದಾ ಊರಿಗೆ ವಿಮಾನ ಹತ್ತಿಸುತ್ತಾರೆ. ಆದರೂ ಗೆಣಸು ಗೆಣಸೇ ಅಲ್ಲವೇ ಎಂದು ಕುಡಿದೆ. ಬೆಲ್ಲ ಸವರಿದ ಬೆಂಕಿ! ಇದರ ರುಚಿ ಕಂಡ ಕನ್ನಡಿಗ ಇಡೀ ಕುವೈತಿನಲ್ಲಿ ನಾನೊಬ್ಬನೇ.

ಉಪವಾಸ ಮುರಿಯಿತೋ ಇಲ್ಲವೋ, ಆಪರೇಶನ್ನಿಗೆ ಮೊದಲೇ ಅಯ್ಯನವರನ್ನು ಕೇಳು. ಮಾವ ಗೆಣಸು ತಗೊಂಡ ಅಂತಷ್ಟೇ ಹೇಳು. "ಕುದಿಸಿದ್ದೋ, ಸುಟ್ಟಿದ್ದೋ?" ಎಂದರೆ ಸುಟ್ಟಿದ್ದು ಅನ್ನು. ಗಂಟಲು ಸುಟ್ಟಿದ್ದಂತೂ ಖರೆ.

ನಿನ್ನ ಮಲಕಾಜಪ್ಪ ಮಾವ