ನಂಬರು ಹಳೆಯದು, ತೂತು ಮುಚ್ಚಿದೆ: ಭದ್ರತಾ ಅಧಿಕಾರಿಗಳಿಗೆ ಅಡುಗೆಮನೆಯಿಂದ

ಮಾನ್ಯ ರಾಜ್ಯ ಮಾಹಿತಿ ಭದ್ರತಾ ಅಧಿಕಾರಿಗಳೇ,

ತಂತ್ರಾಂಶದಲ್ಲಿ ಕಳ್ಳರು ನುಗ್ಗುವಂಥ ಯಾವ ತೂತಿನ ಕಾರಣ ಹೇಳಿ ನಮ್ಮ ಅಡುಗೆಮನೆಯ ಕಂಪ್ಯೂಟರನ್ನು ಬರುವ ಶುಕ್ರವಾರ ಜಾಲದಿಂದ ಕಿತ್ತುಹಾಕುವುದಾಗಿ ತಾವು ಆಜ್ಞೆ ಹೊರಡಿಸಿದ್ದೀರೋ, ಆ ತೂತನ್ನು ಮುಚ್ಚಿದವನು ನಾನು. ಮುಚ್ಚಿ ಎರಡು ವರ್ಷವಾಯಿತು. ಜಂಬ ಕೊಚ್ಚುತ್ತಿದ್ದೇನೆ ಅಂದುಕೊಳ್ಳಬೇಡಿ, ಅದು ನನ್ನ ಹೊಟ್ಟೆಪಾಡು. ರಾಲಿ ನಗರದಲ್ಲಿ ಮುಕ್ತ ತಂತ್ರಾಂಶದ ಕಂಪನಿಯೊಂದರಲ್ಲಿ ತೇಪೆ ಹಾಕುವ ತಂಡದವನು ನಾನು. ತಂತ್ರಾಂಶ ಎಲ್ಲರಿಗೂ ಪುಕ್ಕಟೆ. ಆಸ್ಪತ್ರೆ, ಬ್ಯಾಂಕುಗಳು ನಮಗೆ ದುಡ್ಡು ಕೊಡುವುದು ಅದನ್ನು ಕಾಯುವ ನಮ್ಮ ತಲೆನೋವಿಗೆ.

ಶುಕ್ರವಾರ ಮಾತ್ರ ನನಗೆ ಬೇರೆ ಉದ್ಯೋಗ. ನಮ್ಮ ಕೌಂಟಿಯ ವೃದ್ಧರಿಗೆ ಮನೆಮನೆಗೆ ಬಿಸಿ ಊಟ ಕಳಿಸುವ ಅಡುಗೆಮನೆಯಲ್ಲಿ ವ್ಯಾನ್ ಓಡಿಸುತ್ತೇನೆ. ಅಲ್ಲಿನ ಕಂಪ್ಯೂಟರನ್ನೂ ನಾನೇ ನೋಡಿಕೊಳ್ಳುತ್ತೇನೆ. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಉಪ್ಪು ಬೇಡ, ಯಾವ ಮನೆಯ ನಾಯಿ ಕಚ್ಚುತ್ತದೆ, ಎಲ್ಲವೂ ಅದರಲ್ಲಿದೆ. ಚಾಲಕರ ಫೋನಿಗೆ ಅದೆಲ್ಲ ಹೋಗುವುದು ತಾವು ಕತ್ತರಿಸಲಿರುವ ಆ ತಂತಿಯಿಂದಲೇ. ಹಿಂದೊಮ್ಮೆ ಚಂಡಮಾರುತಕ್ಕೆ ಸಂಪರ್ಕ ಹೋದಾಗ ನೆನಪಿನ ಮೇಲೆಯೇ ಊಟ ಹಂಚಿದ್ದೆವು. ಉಪ್ಪಿಲ್ಲದ ಬೀನ್ಸ್ ಹೋಗಬೇಕಾಗಿದ್ದ, ರಕ್ತದೊತ್ತಡವಿರುವ ವೃದ್ಧ ಹೋಬರ್ಟ್ ಅವರ ಮನೆಗೆ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದ ಹ್ಯಾಮ್ ಹೋಯಿತು. ಪುಣ್ಯಾತ್ಮರು ಎಷ್ಟೋ ವರ್ಷದ ಮೇಲೆ ಬಾಯಿ ಚಪ್ಪರಿಸಿಕೊಂಡು ತಿಂದು, ಸಂಜೆ ಆಸ್ಪತ್ರೆ ಸೇರಿದರು. ಬದುಕಿ ಬಂದರು ಅನ್ನಿ. ಆದರೆ ಮತ್ತೊಮ್ಮೆ ಅಂಥ ಶುಕ್ರವಾರ ನಮಗೆ ಬೇಡ.

ತಮ್ಮ ಆಜ್ಞೆ ಬಂದಾಗ ಅಡುಗೆಮನೆಯ ಯಜಮಾನಿ ಮಿಸ್ ಓಪಲ್ ನಮ್ಮ ಕಡೆಯ ಮೆತ್ತನೆಯ ಬನ್ನಿನಂಥ ಬಿಸ್ಕಿಟ್ಟಿಗೆ ಹಿಟ್ಟು ನಾದುತ್ತಿದ್ದರು. ಹಿಟ್ಟಿನ ಕೈಯಲ್ಲೇ ಕಾಗದ ಹಿಡಿದು ಕೂಗಿದರು.

"ಲೋ ವೆಂಡೆಲ್, ಇಲ್ಲಿ ಬಾರೋ! ನಿನ್ನ ಕಂಪ್ಯೂಟರಿನಲ್ಲಿ ತೂತಂತೆ. ಸರ್ಕಾರದೋರು ಕೆಂಪಕ್ಷರದಲ್ಲಿ ಬರೆದಿದ್ದಾರೆ."

"ಅದನ್ನ ನಾನೇ ಮುಚ್ಚಿದ್ದೀನಿ, ಮಿಸ್ ಓಪಲ್."

"ಮುಚ್ಚಿದ್ರೆ ಅವ್ರಿಗ್ಯಾಕೋ ಕಾಣ್ಸುತ್ತೆ?"

ಒಳ್ಳೆಯ ಪ್ರಶ್ನೆ. ಉತ್ತರವನ್ನು ತಮಗೂ ಹೇಳುತ್ತೇನೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ತಂತ್ರಾಂಶದ ಹೊಸ ಆವೃತ್ತಿ ಬಂತೆಂದು ಆಸ್ಪತ್ರೆಯವರು ಓಡುತ್ತಿರುವುದನ್ನೆಲ್ಲ ಕಿತ್ತು ಹೊಸದು ಹಾಕಲಾಗುವುದಿಲ್ಲ. ಅದಕ್ಕೆ ನಾವು ಹೊಸದರಿಂದ ದುರಸ್ತಿಯಷ್ಟನ್ನೇ ಬಿಡಿಸಿ ತಂದು ಹಳೆಯದಕ್ಕೆ ಹೊಲಿಯುತ್ತೇವೆ. ತೂತು ಮುಚ್ಚುತ್ತದೆ, ಆವೃತ್ತಿಯ ನಂಬರು ಹಾಗೇ ಉಳಿಯುತ್ತದೆ. ನಮ್ಮ ವ್ಯಾನಿಗೆ ಹೋದ ವರ್ಷ ಹೊಸ ಬ್ರೇಕ್ ಹಾಕಿಸಿದೆವು. ಕಾಗದಪತ್ರದಲ್ಲಿ ವ್ಯಾನ್ ಇಂದಿಗೂ ಹಳೆಯ ಮಾಡೆಲ್ಲೇ. ಹಾಗಂತ ಬ್ರೇಕ್ ಇಲ್ಲವೆಂದು ಯಾರಾದರೂ ರಸ್ತೆಯಲ್ಲಿ ತಡೆದು ನಿಲ್ಲಿಸುತ್ತಾರೆಯೇ? ತಮ್ಮ ತಪಾಸಣಾ ಯಂತ್ರ ನಿಲ್ಲಿಸುತ್ತದೆ. ಬಾಗಿಲ ಹೊರಗೆ ನಿಂತು ನಂಬರು ಓದುತ್ತದೆ, ಒಳಗೆ ಇಣುಕುವುದೂ ಇಲ್ಲ, ಕೆಂಪು ಬಳಿದು ಮುಂದಿನ ಮನೆಗೆ ಹೋಗುತ್ತದೆ.

ತಮ್ಮ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದ ಹೆಣ್ಣುಮಗಳು ಬಹಳ ಮರ್ಯಾದಸ್ಥೆ, ಅವಳ ಮೇಲೆ ನನ್ನ ದೂರಿಲ್ಲ.

"ಸರ್, ನಿಮ್ಮ ನಂಬರು ಹಳೇದು."

"ನಂಬರು ಹಳೇದೇ ಇರುತ್ತಮ್ಮ, ತೇಪೆ ಹೊಸದು."

"ತೇಪೆಗೆ ನಮ್ಮಲ್ಲಿ ಕಾಲಂ ಇಲ್ಲ ಸರ್. ಹೊಸ ಆವೃತ್ತಿ ಹಾಕ್ಕೊಂಡುಬಿಡಿ, ಹಸಿರಾಗುತ್ತೆ."

"ಹೊಸದ್ರಲ್ಲಿ ಹೋದ ತಿಂಗಳು ಬೇರೆ ತೂತು ಸಿಕ್ಕಿದೆ ಕಣಮ್ಮ. ಅದಕ್ಕಿನ್ನೂ ಮದ್ದೇ ಬಂದಿಲ್ಲ. ಹಳೇದ್ರಲ್ಲಿ ಆ ತೂತೇ ಇಲ್ಲ!"

"ಅದು ನಮ್ಮ ಯಂತ್ರಕ್ಕೆ ಇನ್ನೂ ಗೊತ್ತಿಲ್ಲ ಸರ್. ಹಾಗಾಗಿ ಹಸಿರೇ ಬರುತ್ತೆ."

ಮಾನ್ಯರೇ, ನಾನು ನಕ್ಕುಬಿಟ್ಟೆ. ಆ ಮಗುವೂ ಆ ಕಡೆಯಿಂದ ನಕ್ಕಿತು. ಮುಚ್ಚಿದ ಬಾಗಿಲು ತೆಗೆದುಹಾಕಿ ತೆರೆದ ಬಾಗಿಲು ಹಚ್ಚಿಕೊಂಡರೆ ರಾಜ್ಯ ಸುರಕ್ಷಿತವಾಗುತ್ತದೆಯೇ? ಹೋಬರ್ಟ್ ಅವರ ರಕ್ತದೊತ್ತಡದ ವಿವರವನ್ನು ಯಾವನೋ ಕಳ್ಳ ಹೊತ್ತೊಯ್ದ ದಿನ, "ಆದರೆ ಬಣ್ಣ ಹಸಿರಿತ್ತಲ್ಲ" ಎಂದು ಅವರ ಮುಂದೆ ಹೋಗಿ ನಿಲ್ಲುವವರು ಯಾರು? ತಾವೋ, ಯಂತ್ರವೋ?

ಇದನ್ನೆಲ್ಲ ಹೇಳಿದಾಗ ಮಿಸ್ ಓಪಲ್ ಒಲೆಯ ಮೇಲಿನ ಕಾಲರ್ಡ್ ಸೊಪ್ಪು ತಿರುವುತ್ತಾ ಯೋಚಿಸಿದರು.

"ಆ ನಂಬರನ್ನ ಯಾರಪ್ಪಾ ಹೇಳೋದು ಅವ್ರಿಗೆ?"

"ನಮ್ಮ ಕಂಪ್ಯೂಟರೇ. ಕೇಳಿದೋರಿಗೆಲ್ಲಾ ಹೇಳುತ್ತೆ."

"ಹಂಗಾದ್ರೆ ಸುಳ್ಳು ಹೇಳು ಅನ್ನೋ ಅದಕ್ಕೆ! ಹೊಸ ನಂಬರು ಹೇಳ್ಲಿ, ಇವ್ರಪ್ಪನ ಮನೆ ಗಂಟೇನು ಹೋಗುತ್ತೆ?"

ಆಗುತ್ತದೆ, ಮಾನ್ಯರೇ. ಮೊಟ್ಟೆ ಸುಲಿಯುವಷ್ಟರಲ್ಲಿ ಆಗುವ ಕೆಲಸ. ಎಷ್ಟೋ ಕಡೆ ಹಾಗೆಯೇ ಮಾಡುತ್ತಾರೆಂದೂ ಬಲ್ಲೆ. ನನ್ನ ಕೈಯೂ ಕೀಲಿಮಣೆಯವರೆಗೆ ಹೋಗಿತ್ತು, ಯಾಕೆ ಮುಚ್ಚಿಡಲಿ.

"ಬೇಡ ಮಿಸ್ ಓಪಲ್. ನಾಳೆ ನಿಜವಾಗ್ಲೂ ತೂತು ಬಿದ್ರೆ, ನಮ್ಮಲ್ಲಿ ಏನಿದೆ ಅಂತ ನಮಗೇ ಗೊತ್ತಾಗದಂಗಾಗುತ್ತೆ."

"ನಿನ್ನ ನಿಯತ್ತಿಗೆ ಬೆಂಕಿ ಬೀಳ! ಶುಕ್ರವಾರ ಹೋಬರ್ಟ್‌ಗೆ ಏನು ಬಡಿಸ್ಲಿ, ನಿಯತ್ತನ್ನೇ ಬಡಿಸ್ಲಾ?" ಎಂದು ಬೈದರು. ಬೈದವರೇ ಬಿಸಿ ಬಿಸ್ಕಿಟ್ಟಿಗೆ ಬೆಣ್ಣೆ ಸವರಿ ನನ್ನ ಕೈಗಿಟ್ಟು, "ತಿನ್ನು. ತಿಂದು ಆ ಮಹಾನುಭಾವರಿಗೆ ನಾಲ್ಕು ಜನ ಓದೋ ಹಂಗೆ ಬರಿ" ಅಂದರು. ಅದಕ್ಕೇ ಈ ಬಹಿರಂಗ ಪತ್ರ. ನಮ್ಮ ಕಸುಬೂ ಹಾಗೆಯೇ, ಎಲ್ಲವೂ ಬಯಲಲ್ಲಿ. ಆ ತೇಪೆಯ ಒಂದೊಂದು ಸಾಲೂ ಲೋಕದ ಮುಂದಿದೆ, ಕೆಳಗೆ ನನ್ನ ಹೆಸರಿದೆ. ತಪ್ಪಿದ್ದರೆ ಯಾರು ಬೇಕಾದರೂ ಮುಖಕ್ಕೆ ಹೇಳಬಹುದು.

ಇನ್ನು ಒಂದೇ ಮಾತು. ತಮ್ಮ ಆಜ್ಞೆಯನ್ನು ಓದಲು ತಮ್ಮ ಕಚೇರಿಯ ಜಾಲತಾಣಕ್ಕೆ ಹೋಗಿದ್ದೆ. ನಾನೇನೂ ಕದ ಬಡಿಯಲಿಲ್ಲ, ಕಿಟಕಿ ಅಲುಗಿಸಲಿಲ್ಲ. ಬಂದವರಿಗೆಲ್ಲ ಹೇಳುವಂತೆ ತಮ್ಮ ಯಂತ್ರ ನನಗೂ ತನ್ನ ನಂಬರು ಹೇಳಿತು. ಅದೇ ತಂತ್ರಾಂಶ, ಅದೇ ಹಳೆಯ ನಂಬರು. ನಮ್ಮನ್ನು ಕೆಂಪು ಮಾಡಿದ ನಂಬರೇ! ಮಿಸ್ ಓಪಲ್‌ಗೆ ತೋರಿಸಿದೆ. ಆ ತಾಯಿ ನಕ್ಕು ನಕ್ಕು ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡರು.

ತಮ್ಮ ನಿಯಮದಂತೆ ತಾವೂ ಶುಕ್ರವಾರ ತಂತಿ ಕೀಳಬೇಕು. ಕೀಳಬೇಡಿ, ದಯವಿಟ್ಟು. ಗಾಬರಿಯೂ ಬೇಡ: ತಾವು ನಮ್ಮ ಕಂಪನಿಯ ಗ್ರಾಹಕರು, ತಮಗೂ ತೇಪೆ ಬಂದಿದೆ. ಎರಡು ವರ್ಷದಿಂದ ತಾವು ಸುಖವಾಗಿರುವುದು ಅದರಿಂದಲೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ತಮ್ಮ ಕಚೇರಿಯನ್ನು ಯಾವ ನಂಬಿಕೆಯ ಮೇಲೆ ತೆರೆದಿಟ್ಟಿದ್ದೀರೋ, ಅದೇ ನಂಬಿಕೆಯ ಮೇಲೆ ನಮ್ಮ ಅಡುಗೆಮನೆಯನ್ನೂ ತೆರೆದಿಡಿ. ಅನುಮಾನವಿದ್ದರೆ ಶುಕ್ರವಾರ ಖುದ್ದಾಗಿ ಬನ್ನಿ, ಆ ತೂತಿನಲ್ಲಿ ನುಗ್ಗಲು ನನ್ನೆದುರೇ ಪ್ರಯತ್ನಿಸಿ. ನುಗ್ಗಿದರೆ ತಂತಿಯನ್ನು ನಾನೇ ಕಿತ್ತು ಕೈಗೆ ಕೊಡುತ್ತೇನೆ. ಆಗದಿದ್ದರೆ ವ್ಯಾನ್ ಹತ್ತಿ. ಹೋಬರ್ಟ್ ಅವರ ಮನೆಯ ಬಾಗಿಲು ತಾವೇ ತಟ್ಟಿ, ಉಪ್ಪಿಲ್ಲದ ಊಟ ಕೊಡಿ. ಅವರು ಬೈಯುತ್ತಾರೆ, ಹ್ಯಾಮ್ ಎಲ್ಲಿ ಎಂದು ಕೇಳುತ್ತಾರೆ. ಕೊಡಬೇಡಿ.

ಇಂತಿ,
ತಮಗೆ ತಿಳಿಯದೆಯೇ ತಮ್ಮ ಬಾಗಿಲಿಗೂ ಚಿಲಕ ಹಾಕಿಕೊಟ್ಟವನು,
ಸದ್ಯಕ್ಕೆ ತಮ್ಮ ಕೆಂಪು ಪಟ್ಟಿಯಲ್ಲಿರುವ
ವೆಂಡೆಲ್ ಓವರ್‌ಕ್ಯಾಶ್