ಆರ್ಗನ್ನಿನ ಮಂದ್ರ ಸ್ವರ

ನನ್ನ ಪ್ರೀತಿಯ ಪಪ್ಪಾ,

ಒಂದು ಕಡೆ ಕೂತು ಬರೆಯಲಿಕ್ಕೆ ಆಗುತ್ತಿಲ್ಲ. ಒಂದು ಸಾಲು ಬರೆಯುತ್ತೇನೆ, ಎದ್ದು ಹೋಗಿ ರೆಕಾರ್ಡ್ ಪ್ಲೇಯರಿನ ಹಿಂದಿನ ವೈರು ಮುಟ್ಟಿ ನೋಡುತ್ತೇನೆ, ಪುನಃ ಬಂದು ಕೂರುತ್ತೇನೆ. "ಐರಿನ್, ನಿನಗೆ ಎಂತ ಆಗಿದೆ?" ಎಂದು ಮಾಯ್ ಅಡುಗೆಮನೆಯಿಂದಲೇ ಕೇಳಿದಳು. ಅಮ್ಮನಲ್ಲವಾ, ಅವಳಿಗೆ ಹೇಳಿ ಆಯಿತು, ತಮ್ಮ ವಿಲ್ಲಿಗೂ ಹೇಳಿ ಆಯಿತು. ಎಲ್ಲರಿಗಿಂತ ಮೊದಲು ಗೊತ್ತಾಗಬೇಕಾದವರು ನೀವು. ನಿಮಗೆ ಹೇಗೆ ಹೇಳಲಿ? ಮನೆಯಲ್ಲಿ ಕೊಂಕಣಿ ಮಾತಾಡಿದರೂ ಕಾಗದ ಮಾತ್ರ ಕನ್ನಡದಲ್ಲೇ ಇರಬೇಕು ಎನ್ನುತ್ತಿದ್ದ ಕನ್ನಡ ಮೇಸ್ಟ್ರು ನೀವು. ಹಾಗಾಗಿ ಹೀಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಲ್ಲಿ ಕುವೈಟಿನಿಂದ ಪ್ಲೇಯರ್ ತಂದ ದಿನ ನಿಮಗೆ ನೆನಪುಂಟಲ್ಲ? ಇನ್ನಂಜೆಯ ರಸ್ತೆಯಲ್ಲಿ ಕಾರಿನಿಂದ ಇಳಿದು, ಗದ್ದೆಯ ಕಿರಿದಾದ ಹುಣಿಯ ಮೇಲೆ ಆ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗೆ ಒತ್ತಿಕೊಂಡು ಬಂದಿದ್ದ. ನೀವು ಟ್ರಂಕಿನಿಂದ ರೆಕಾರ್ಡುಗಳನ್ನು ಹೊರಗೆ ತೆಗೆದಿರಿ. ತಮ್ಮ ದೇಶಕ್ಕೆ ಮರಳುವಾಗ ವಿದೇಶಿ ಪಾದ್ರಿಯೊಬ್ಬರು ನಿಮಗೆ ಕೊಟ್ಟು ಹೋದವು ಅವು. ಅವುಗಳಲ್ಲಿ ಆರ್ಗನ್ ವಾದ್ಯದ ರೆಕಾರ್ಡನ್ನು ನೀವು ಅವರ ಕೋಣೆಯಲ್ಲಿ ಎಷ್ಟೋ ಸಂಜೆ ಕೇಳಿದ್ದಿರಿ. ಅದರಲ್ಲಿ ಒಂದು ಕಡೆ ಮೇಲಿನ ಸ್ವರಗಳೆಲ್ಲ ನಿಂತು, ನೆಲದ ಅಡಿಯಿಂದ ಬಂದ ಹಾಗೆ ಒಂದೇ ಮಂದ್ರ ಸ್ವರ ಏಳುತ್ತದೆ, ಎದೆಗೂಡಿಗೆ ಬಂದು ತಾಗುತ್ತದೆ ಎಂದು ಚಿಕ್ಕಂದಿನಿಂದ ನಮಗೆ ಹೇಳುತ್ತಿದ್ದಿರಿ.

ಆ ಸಂಜೆ ವಿಲ್ಲಿ ಕಾಪುವಿನ ಮೈಕಿನವರಿಂದ ಒಂದು ಆಂಪ್ಲಿಫೈಯರ್ ತಂದು, ಪ್ಲೇಯರಿನ ವೈರನ್ನು ಅದರ ಮೈಕಿನ ತೂತಿಗೆ ಸಿಕ್ಕಿಸಿದ. ಸದ್ದು ಜೋರಾಗಿಯೇ ಬಂತು. ನಾವೆಲ್ಲ "ಲಾಯ್ಕುಂಟು" ಅಂದೆವು. ಅದು ಸುಳ್ಳಲ್ಲ ಪಪ್ಪಾ, ರೇಡಿಯೋ ಬಿಟ್ಟು ಬೇರೆ ಎಂತದನ್ನೂ ಕೇಳದ ನಮಗೆ ಅದು ನಿಜವಾಗಿಯೂ ಚಂದವೇ ಇತ್ತು. ನೀವು ಮಾತ್ರ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಿರಿ. ಆಮೇಲೆ ನನ್ನ ಹತ್ತಿರ ಬಾಗಿ, "ಆ ಮಂದ್ರ ನಿನಗೆ ಕೇಳಿತಾ?" ಎಂದಿರಿ. "ಕೇಳಿತಲ್ಲ ಪಪ್ಪಾ, ಎಲ್ಲ ಕೇಳಿತು," ಅಂದೆ. ನಾನು ಯಾವ ಸ್ವರವನ್ನು ಮಂದ್ರ ಅಂದುಕೊಂಡೆನೋ! ನಿಮ್ಮ ಕೈ ಮೆಲ್ಲಗೆ ಕಿವಿಯ ಹತ್ತಿರ ಹೋದದ್ದು ಈಗ ಕಣ್ಣಿಗೆ ಕಟ್ಟುತ್ತದೆ. ಆಗ ಅದು ಯಾಕೆಂದು ನನಗೆ ಹೊಳೆಯಲಿಲ್ಲ.

ಅದರ ಮುಂದಿನ ವಾರಗಳಲ್ಲಿ, ಇಗರ್ಜಿಯಲ್ಲಿ ನೀವು ಹಾಡಿಸುತ್ತಿದ್ದ ಕ್ವಾಯರಿನ ಅಭ್ಯಾಸ ನನಗೆ ಚೆನ್ನಾಗಿ ನೆನಪುಂಟು. ನೀವು ದಪ್ಪ ಸ್ವರದ ಬೇಸ್ ಹಾಡುವ ಗಂಡಸರ ಮೇಲೆ ರೇಗತೊಡಗಿದಿರಿ. "ಕೇಳುವುದಿಲ್ಲ, ಇನ್ನೂ ಜೋರು." ಅವರಲ್ಲಿ ಲಾಜರಸ್ ಮಾಮನ ಕತ್ತಿನ ನರ ಉಬ್ಬುತ್ತಿತ್ತು, ಆದರೂ ನಿಮಗೆ ಸಮಾಧಾನ ಇಲ್ಲ. ಒಂದು ಆದಿತ್ಯವಾರ ಪೂಜೆ ಮುಗಿದ ಮೇಲೆ ವಿಗಾರ ಪಾದ್ರಿಗಳು ನಗುತ್ತಲೇ, "ಮಾಸ್ತರರೇ, ಈಗೀಗ ದಪ್ಪ ಸ್ವರ ಸ್ವಲ್ಪ ಹೆಚ್ಚಾಯಿತು ಅಲ್ವಾ?" ಅಂದರು. ಅವರಿಗೆ ಅದು ಸಣ್ಣ ಮಾತು. ಮರುದಿನ ನೀವು ಹಾರ್ಮೋನಿಯಮ್ಮಿನ ಬೀಗದ ಕೈಯನ್ನು ಅವರಿಗೆ ಕೊಟ್ಟು, ಕ್ವಾಯರ್ ಬಿಟ್ಟು ಬಂದಿರಿ. "ಕಿವಿ ಹೋದವನು ಹತ್ತು ಜನರನ್ನು ಹಾಡಿಸಬಾರದು," ಎಂದು ಮಾಯ್ ಹತ್ತಿರ ಹೇಳಿದಿರಂತೆ.

ಮಣಿಪಾಲಕ್ಕೆ ಹೋಗಿ ಕಿವಿ ತೋರಿಸುವ ಎಂದು ನಾನು ಎಷ್ಟು ಸಲ ಕರೆದೆ? ನಾನು ದಿನಾ ಬಸ್ಸಿನಲ್ಲಿ ಆಫೀಸಿಗೆ ಹೋಗುವ ಊರು ಅದು, ನೀವು ಜೊತೆಗೆ ಬಂದು ಕೂತರೆ ಸಾಕಿತ್ತು. "ಗೊತ್ತಿದ್ದದ್ದನ್ನು ಡಾಕ್ಟರ್ ಬಾಯಿಂದ ಯಾಕೆ ಕೇಳಬೇಕು?" ಎಂದಿರಿ. ಇಗರ್ಜಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರತೊಡಗಿದಿರಿ. ಹಾಡು ಶುರುವಾದರೆ ತಲೆ ತಗ್ಗಿಸುತ್ತಿದ್ದಿರಿ. ಮಳೆಗಾಲಕ್ಕೆ ಮುಂಚೆ ಎದೆನೋವು ಬಂದು, ಉಡುಪಿ ಮುಟ್ಟುವುದರೊಳಗೆ...

ಮೊನ್ನೆ ಮೊನ್ನೆ ನನ್ನ ಆಫೀಸಿನ ಸದಾನಂದ ನಮ್ಮ ಮನೆಗೆ ಬಂದಿದ್ದರು. ಅಲೆವೂರಿನವರು, ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು ಅವರಿಗೆ. ನಿಮ್ಮ ಆರ್ಗನ್ ರೆಕಾರ್ಡ್ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, ಎದ್ದು ಪೆಟ್ಟಿಗೆಯ ಹಿಂದೆ ಇಣುಕಿದರು. "ಇದರ ಪ್ರಿಆಂಪ್ ಎಲ್ಲುಂಟು?" ಅಂದರು. ಹಾಗೆಂದರೆ ಎಂತ ಎಂದು ಕೇಳಿದೆ. ರೆಕಾರ್ಡ್ ಮಾಡುವಾಗ ದಪ್ಪ ಸ್ವರಗಳನ್ನು ಬೇಕೆಂದೇ ತಗ್ಗಿಸಿ, ತೆಳು ಸ್ವರಗಳನ್ನು ಏರಿಸಿ ಕೊರೆಯುತ್ತಾರಂತೆ. ಇಲ್ಲದಿದ್ದರೆ ಗೆರೆ ಅಗಲವಾಗಿ ರೆಕಾರ್ಡಿನಲ್ಲಿ ಹಾಡಿಗೆ ಜಾಗ ಸಾಲುವುದಿಲ್ಲವಂತೆ. ಸೂಜಿಯಿಂದ ಬರುವ ಆ ಬಡಕಲು ಸದ್ದನ್ನು ದೊಡ್ಡದು ಮಾಡಿ, ತಗ್ಗಿಸಿದ್ದನ್ನು ಪುನಃ ಎತ್ತಿ, ಏರಿಸಿದ್ದನ್ನು ಇಳಿಸುವ ಒಂದು ಸಣ್ಣ ಪೆಟ್ಟಿಗೆ ನಡುವೆ ಇರಬೇಕು. ಮೈಕಿನ ತೂತು ಸದ್ದನ್ನು ದೊಡ್ಡದು ಮಾಡುತ್ತದೆ ಅಷ್ಟೆ. "ಇದರಲ್ಲಿ ಮಂದ್ರ ಯಾರಿಗೂ ಕೇಳಲಿಕ್ಕಿಲ್ಲ," ಅಂದರು.

ಯಾರಿಗೂ ಕೇಳಲಿಕ್ಕಿಲ್ಲ, ಪಪ್ಪಾ. ಆ ಮಾತು ಹಿಡಿದುಕೊಂಡು ನಾನು ಅಂಗಳದಲ್ಲಿ ಅತ್ತಿಂದಿತ್ತ ನಡೆದೆ. ಮರುದಿನ ಊಟದ ಬಿಡುವಿನಲ್ಲಿ ಕಿವಿಯ ಡಾಕ್ಟರರ ಹತ್ತಿರವೂ ಹೋಗಿ ಕೇಳಿದೆ. ವಯಸ್ಸಿಗೆ ಕಿವಿ ಮಂದವಾಗುವಾಗ ಹೆಚ್ಚಾಗಿ ಎತ್ತರದ ಸ್ವರಗಳೇ ಮೊದಲು ಹೋಗುವುದಂತೆ, ದಪ್ಪ ಸ್ವರ ಅಲ್ಲ. ಕೇಳಿಸದೆ ಹೋದದ್ದನ್ನು ಇಲ್ಲ ಎಂದು ಗುರುತಿಸಿದ ಒಂದೇ ಕಿವಿ ಆ ಮನೆಯಲ್ಲಿ ನಿಮ್ಮದಾಗಿತ್ತು. ಒಮ್ಮೆ ಅನುಮಾನ ಹೊಕ್ಕಿದ್ದೇ ಕ್ವಾಯರಿನ ದಪ್ಪ ಸ್ವರವೂ ನಿಮಗೆ ಸಾಲದೆ ಹೋಯಿತು. ನೀವು ನಮ್ಮನ್ನು ನಂಬಿದಿರಿ, ನಿಮ್ಮನ್ನು ನಂಬಲಿಲ್ಲ. ಯಾಕೆ ಪಪ್ಪಾ? ಮಗ ಅಷ್ಟು ದೂರದಿಂದ ತಂದದ್ದು ಎಂದಾ?

ಸದಾನಂದ ಬಿಸ್ಕತ್ತಿನ ಡಬ್ಬಿಯೊಳಗೆ ಒಂದು ಪ್ರಿಆಂಪ್ ಮಾಡಿ ತಂದರು. ಮೊದಲು ಬರೀ ಗುಂಯ್ ಎನ್ನುತ್ತಿತ್ತು, ಅರ್ತ್ ವೈರು ಕಟ್ಟಿದ ಮೇಲೆ ಅದು ನಿಂತಿತು. ಆರ್ಗನ್ ಶುರುವಾಯಿತು. ಮೇಲಿನ ಸ್ವರಗಳು ನಿಂತವು. ಆಮೇಲೆ ಅದು ಬಂತು. ಕಪಾಟಿನ ಗಾಜು ನಡುಗಿತು. ಮಾಯ್ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಎದೆಗೂಡಿಗೆ ತಾಗುತ್ತದೆ ಎಂದು ನೀವು ಹೇಳಿದ್ದು ಸರಿ. ನನಗೆ ಅಲ್ಲಿ ಕೂರಲಿಕ್ಕಾಗಲಿಲ್ಲ.

ವಿಲ್ಲಿ ರಜೆಯಲ್ಲಿ ಬಂದಾಗ ಹೇಳುವುದೋ ಬೇಡವೋ ಎಂದು ಒದ್ದಾಡಿದೆ. ಅಷ್ಟು ಪ್ರೀತಿಯಿಂದ ತಂದವನು. ಆದರೆ ರೆಕಾರ್ಡ್ ಹಾಕಿದ ಕೂಡಲೇ ಅವನೇ ಕೇಳಿದ, "ಇದು ಅದೇ ಸೆಟ್ಟಾ?" ಮುಚ್ಚಿಡಲಿಕ್ಕೆ ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಅವನು ಮುಖ ಗೋಡೆಗೆ ತಿರುಗಿಸಿಕೊಂಡ. "ಅಂದರೆ ಪಪ್ಪ ಕ್ವಾಯರ್ ಬಿಟ್ಟದ್ದು ನನ್ನಿಂದ." ಆಗ ಮಾಯ್ ಅವನ ಪಕ್ಕ ಹೋಗಿ ಕೂತಳು. "ನಿನ್ನಿಂದ ಅಲ್ಲ ಮಗಾ. ಅವರು ಒಂದು ಮಾತು ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು. ಅವರ ಕಿವಿಗೆ ಎಂತ ಆಗಿತ್ತು? ನಾನು ಅಡುಗೆಮನೆಯಲ್ಲಿ ಪಿಸಪಿಸ ಬೈದದ್ದು ಚಾವಡಿಯಲ್ಲಿ ಕೂತವರಿಗೆ ಪೂರಾ ಕೇಳುತ್ತಿತ್ತು." ವಿಲ್ಲಿ ಅಳುತ್ತಲೇ ನಕ್ಕ. ನೀವು ಹೋದ ಮೇಲೆ ಈ ಮನೆಯಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ನಿನ್ನೆ ಸಂಜೆ ಲಾಜರಸ್ ಮಾಮನನ್ನು ಕರೆದು, ಎಲ್ಲ ಹೇಳಿ, ರೆಕಾರ್ಡ್ ಕೇಳಿಸಿದೆವು. ನಿಮ್ಮ ಮೇಲೆ ಇನ್ನೂ ಸಿಟ್ಟಿತ್ತು ಅವರಿಗೆ. ಕೇಳಿ ಮುಗಿದ ಮೇಲೆ ಅವರೇ ಎದ್ದು ಸೂಜಿಯನ್ನು ಪುನಃ ಮೊದಲಿಗೆ ಇಟ್ಟರು. ಹೊರಡುವಾಗ, "ಕ್ವಾಯರ್ ನಡೆಸುವವರಿಲ್ಲ. ಮಾಸ್ತರರ ಮಗಳು ಬರುತ್ತಾಳಾ?" ಎಂದು ನನ್ನ ಹತ್ತಿರವಲ್ಲ, ಮಾಯ್ ಹತ್ತಿರ ಕೇಳಿದರು.

ನಾಳೆ ಆದಿತ್ಯವಾರ. ಹೋಗುತ್ತೇನೆ, ಪಪ್ಪಾ. ಯಾವುದಾದರೂ ಸ್ವರ ನನಗೆ ಕೇಳದೆ ಹೋದರೆ ಹಾಡು ನಿಲ್ಲಿಸಿ, "ನಿಮಗೆ ಕೇಳುತ್ತದಾ?" ಎಂದು ಎಲ್ಲರನ್ನೂ ಕೇಳುತ್ತೇನೆ. ಅವರು ಹೌದು ಎಂದರೂ, ಅಷ್ಟಕ್ಕೇ ನನ್ನ ಕಿವಿಯನ್ನು ಬಿಟ್ಟುಕೊಡದೆ, ಇನ್ನೊಮ್ಮೆ ಹಾಡಿ ಎನ್ನುತ್ತೇನೆ.

ನಿಮ್ಮ
ಐರಿನ್